ಅತ್ತೆಯ ಗಿರಣಿ, ನಾನು ಬರೆದ ಅರ್ಜಿಗಳು

ನನ್ನ ಸೋದರತ್ತೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಾಗ ನಾನು ಬಿ.ಎ. ಓದುತ್ತಿದ್ದೆ. ಎಂಬತ್ತರ ದಶಕದ ಆರಂಭ. ವಿಜಯನಗರದ ನಮ್ಮ ಮನೆಯಿಂದ ಅತ್ತಿಗುಪ್ಪೆಯ ಕಡೆಗೆ ಇನ್ನೂ ಖಾಲಿ ಸೈಟುಗಳೇ ಹೆಚ್ಚು. ಹಿಟ್ಟು ಮಾಡಿಸಬೇಕೆಂದರೆ ಹೆಂಗಸರು ರಾಗಿ ಡಬ್ಬ ಹೊತ್ತು ಬಹಳ ದೂರ ನಡೆಯಬೇಕಿತ್ತು. ಅತ್ತೆಯೂ ಒಂದೆರಡು ಸಲ ನಡೆದು ನೋಡಿದರು. ಆಮೇಲೆ ತಮ್ಮ ಚಿನ್ನದ ಬಳೆ ಮಾರಿ ಹಿಟ್ಟಿನ ಯಂತ್ರವೊಂದನ್ನು ತಂದು ನಮ್ಮ ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಹಾಕಿಸಿದರು.

ಮೂರೇ ತಿಂಗಳಲ್ಲಿ ಅವರ ಮುಖವೇ ಬದಲಾಯಿತು. ಯಾರಿಗೆ ರಾಗಿ ನುಣ್ಣಗೆ ಬೇಕು, ಯಾರಿಗೆ ಅಕ್ಕಿ ತರಿತರಿಯಾಗಿ ಬೇಕು, ಎಲ್ಲ ಅವರಿಗೆ ಗೊತ್ತಿತ್ತು. ಹುಬ್ಬಿನ ಮೇಲೆ ಹಿಟ್ಟು ಮೆತ್ತಿಕೊಂಡು ಊಟಕ್ಕೆ ಬಂದ ಅತ್ತೆಯನ್ನು ನೋಡಿ ನಾವು ನಕ್ಕರೆ ಅವರೂ ನಗುತ್ತಿದ್ದರು.

ಒಂದು ದಿನ ಅಧಿಕಾರಿಯೊಬ್ಬರು ಬಂದು ಲೈಸೆನ್ಸ್ ತೋರಿಸಿ ಎಂದರು. ಇರಲಿಲ್ಲ. ಹತ್ತಿರದ ಬಡಾವಣೆಯ ಗಿರಣಿಯವನು ವಿಷಯ ಕೇಳಿ, “ನೀವು ಓಡಿಸ್ತಾ ಇರಿ ಅಕ್ಕ. ನಂಗೆಲ್ಲಿದೆ ಲೈಸೆನ್ಸು? ಬಂದೋರನ್ನ ಹೇಗೋ ಸಮಾಧಾನ ಮಾಡಿ ಕಳಿಸೋದು ಅಷ್ಟೆ,” ಎಂದ.

ರಾಜ್ಯಶಾಸ್ತ್ರದ ವಿದ್ಯಾರ್ಥಿನಿ ನಾನು. ನನಗೆ ಸಿಟ್ಟು ಬಂತು. “ಬೇಡ ಅತ್ತೆ, ಕಾನೂನು ಪ್ರಕಾರ ಹೋಗೋಣ. ಅರ್ಜಿ ನಾನು ಬರೀತೀನಿ. ಲೈಸೆನ್ಸ್ ಬರೋವರೆಗೂ ನಿಲ್ಸಿ,” ಎಂದೆ. ಅತ್ತೆ ಅವತ್ತೇ ಯಂತ್ರದ ಮೇಲೆ ಹಳೆಯ ಸೀರೆ ಹೊದಿಸಿದರು.

ಲೈಸೆನ್ಸ್ ಕಚೇರಿಯ ಗುಮಾಸ್ತರು ಮೊದಲು ಕರೆಂಟಿನವರ ಒಪ್ಪಿಗೆ ಪತ್ರ ತನ್ನಿ ಎಂದರು. ಕರೆಂಟಿನವರು ಮೊದಲು ಲೈಸೆನ್ಸ್ ತನ್ನಿ ಎಂದರು. ವಾಸದ ಸೈಟಿನಲ್ಲಿ ಯಂತ್ರ ಹಾಕಲು ಮೂರನೆಯ ಕಚೇರಿಯ ಅನುಮತಿ ಬೇಕಿತ್ತು. ಅಲ್ಲಿ, ಈ ಜಾಗ ನಮ್ಮ ಕಚೇರಿಯ ವ್ಯಾಪ್ತಿಗೆ ಸೇರುವುದೇ ಇಲ್ಲ ಎಂದರು. ಒಂದೂವರೆ ವರ್ಷ ನಾನು ಅರ್ಜಿ ಬರೆದೆ, ಅತ್ತೆ ಅದನ್ನು ಹಿಡಿದು ಬೆಂಚಿನ ಮೇಲೆ ಕೂತರು.

ಆ ಗುಮಾಸ್ತರು ಲಂಚ ಕೇಳಲಿಲ್ಲ. ಅದನ್ನು ಹೇಳಲೇಬೇಕು. ಕೊನೆಗೊಂದು ದಿನ ಅವರು ನನ್ನನ್ನು ಪಕ್ಕಕ್ಕೆ ಕರೆದು, “ನೋಡಮ್ಮ, ಒಂದು ರೂಲು ಕೊಡಬಹುದು ಅನ್ನುತ್ತೆ, ಇನ್ನೊಂದು ಕೊಡಬಾರದು ಅನ್ನುತ್ತೆ. ಮೂರನೇದು ನಂಗೂ ಅರ್ಥ ಆಗಿಲ್ಲ. ತಪ್ಪು ಸಹಿ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ,” ಎಂದರು. ಕೆಟ್ಟವನೊಬ್ಬ ಸಿಕ್ಕಿದ್ದರೆ ಅವನನ್ನು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಸರ್ಕಾರ ಕೇಳಬೇಕಾದದ್ದು ಏನಿತ್ತು? ಹಿಟ್ಟಿನಲ್ಲಿ ಕಲಬೆರಕೆ ಇರಬಾರದು, ಬೆಲ್ಟಿಗೆ ಯಾರ ಸೆರಗೂ ಸಿಕ್ಕಬಾರದು, ಪಕ್ಕದ ಮನೆಯವರ ನಿದ್ದೆ ಕೆಡಬಾರದು. ಅಷ್ಟನ್ನು ಒಂದೇ ಹಾಳೆಯಲ್ಲಿ, ಅತ್ತೆಗೂ ಅರ್ಥವಾಗುವ ಕನ್ನಡದಲ್ಲಿ ಬರೆಯಬಹುದಿತ್ತು. ಬರೆದಿದ್ದರೆ ಅವರು ಒಂದಕ್ಷರವನ್ನೂ ಮೀರುತ್ತಿರಲಿಲ್ಲ. ಅರ್ಥವಾಗದ ಕಾನೂನಿನಿಂದ ಆ ಗಿರಣಿಯವನಿಗೆ ಏನೂ ಆಗಲಿಲ್ಲ. ಪಾಲಿಸಲು ಹೊರಟವರಿಗೇ ಪೆಟ್ಟು ಬಿತ್ತು.

ಲೈಸೆನ್ಸ್ ಬರಲೇ ಇಲ್ಲ. ತಮ್ಮನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣಲು ಅತ್ತೆಗೆ ಮನಸ್ಸಾಗಲಿಲ್ಲ. ಕೆಂಗೇರಿಯ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದರು. ತುಕ್ಕು ಹಿಡಿದ ಯಂತ್ರವನ್ನು ಅಪ್ಪ ಗುಜರಿಗೆ ಹಾಕಿದರು. ಸೌದೆ ಒಲೆಯ ಹೊಗೆಯಲ್ಲಿ ಅತ್ತೆಯ ಕೆಮ್ಮು ಹೆಚ್ಚಾಯಿತು. ಒಂದು ಭಾನುವಾರ ನೋಡಲು ಹೋದೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

“ನನ್ನಿಂದ ತಪ್ಪಾಯ್ತು ಅತ್ತೆ. ಅವತ್ತು ನಿಲ್ಸಿ ಅನ್ನಬಾರದಿತ್ತು,” ಎಂದೆ.

“ಅದಕ್ಯಾಕೆ ಅಳ್ತೀಯೇ? ನೀನು ಓದಿರೋಳು, ಸರಿಯಾಗೇ ಹೇಳಿದ್ದೆ. ನಾನೇ ಯಾವುದೋ ಕಾಗದ ಸರಿಯಾಗಿ ಕೊಟ್ಟಿಲ್ಲ ಕಣೇ. ಇಲ್ದಿದ್ರೆ ಅವರು ಯಾಕೆ ಕೊಡ್ತಿರಲಿಲ್ಲ?”

ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಅದೇ ವರ್ಷ ಮಾಗಿಯ ಚಳಿಯಲ್ಲಿ ತೀರಿಕೊಂಡರು, ತಪ್ಪು ತಮ್ಮದೇ ಎಂದು ನಂಬಿಕೊಂಡು.