ಬೀಗರ ಗ್ರೂಪಿನಲ್ಲಿ ಮಹಾದೇವಕ್ಕ

ತಿಳವಳ್ಳಿಯ ಮಹಾದೇವಕ್ಕ ಮದುವೆ ಹಂದರದಲ್ಲಿ ಬೀಗರನ್ನು ಹಾಡಿ ಅಣಕಿಸುವುದಕ್ಕೆ ಹೆಸರಾದವಳು. ಮೊಮ್ಮಗಳು ತನುಜಾಳ ನಿಶ್ಚಯವಾದ ಮೇಲೆ ಎರಡೂ ಮನೆಯವರು ಸೇರಿ ವಾಟ್ಸಾಪ್ ಗ್ರೂಪ್ ಮಾಡಿಕೊಂಡರು. ಹಿರಿಯರು ಅದರಲ್ಲಿ ಹೂವಿನ ಚಿತ್ರದೊಂದಿಗೆ ಶುಭೋದಯ ಹೇಳುತ್ತಿದ್ದರು. ಹುಡುಗರದು ಎಲ್ಲದಕ್ಕೂ ಮೀಮ್.

ವರನ ತಂದೆ, ರಟ್ಟೀಹಳ್ಳಿಯ ಮೃತ್ಯುಂಜಯಪ್ಪ, "ನಮ್ಮ ಕಡಿಂದ ಎಂಟು ಬಸ್ ಮಂದಿ ಬರ್ತೇವಿ" ಎಂದು ಬರೆದ. ತನುಜಾಳ ತಮ್ಮ ಸುದೀಪ ಅದರ ಕೆಳಗೆ ಮಿಡತೆಗಳ ಹಿಂಡು ಗೋವಿನಜೋಳದ ಹೊಲಕ್ಕೆ ಇಳಿಯುವ ಚಿತ್ರ ಹಾಕಿ, "ಬೀಗರು ಊಟಕ್ಕ ಬಂದ್ರು" ಎಂದು ಬರೆದ.

ಮೃತ್ಯುಂಜಯಪ್ಪ ಗ್ರೂಪ್ ಬಿಟ್ಟು ಫೋನ್ ಮಾಡಿದ. "ನಾವು ಮಿಡತಿ ಏನ್ರಿ? ಈ ಸಂಬಂಧನ ಬ್ಯಾಡ್ರಿ!"

ತನುಜಾ ಅಳುತ್ತ ಕೂತಳು. ಮಹಾದೇವಕ್ಕ ಚಿತ್ರ ನೋಡಿ ನಕ್ಕಳು.

"ಲೇ ಸುದೀಪ, ಇಂಥಾದ್ದನ್ನ ನಾನೂ ಹಾಡೇನಿ. ಆದ್ರ ತಿರುಗಿ ಬೀಗರ ಕಡಿಂದ ಹಾಡಿಸಿಕೊಂಡೇನಿ. ನೀ ಒಗದು ಸುಮ್ಮನ ಕುಂತಿ."

ಅವಳೇ ರಟ್ಟೀಹಳ್ಳಿಗೆ ಫೋನ್ ಹಚ್ಚಿಸಿ, ಮೃತ್ಯುಂಜಯಪ್ಪನಿಗೆ "ನಿಮ್ಮವ್ವಗ ಕೊಡ್ರಿ" ಎಂದು, ಆ ಮುದುಕಿಗೆ ಹಾಡಿದಳು:

"ಎಂಟು ಬಸ್ಸಿನ ಬೀಗರು ಬಂದರ, ಹೋಳಿಗಿ ಬುಟ್ಟಿ ಮುಚ್ಚಿರೇ!"

ಆ ಕಡೆಯಿಂದ ತಡವಿಲ್ಲದೆ ಉತ್ತರ ಬಂತು:

"ಮುಚ್ಚಿದ ಬುಟ್ಟಿ ತೆರೆದು ನೋಡಿದರ, ಹೂರಣ ಎಲ್ಲೈತಿ ಬೀಗತಿ?"

ಇಬ್ಬರೂ ಕೆಮ್ಮು ಬರುವಷ್ಟು ನಕ್ಕರು. ಮೃತ್ಯುಂಜಯಪ್ಪ ಫೋನ್ ಇಸಕೊಂಡ.

"ಆತ್ರಿ ಯಕ್ಕಾ. ಮದುವಿ ಜವಳಿ ತರಾಕ ಹಾವೇರಿಗೆ ಕೂಡೇ ಹೋಗೂಣ್ರಿ."