ಬೆಥನಿಯ ನೀರು ನಿಲ್ಲಿಸುವ ಅರ್ನೆಟಾ

ಬೆಳಗಿನ ಐದೂಕಾಲು. ಡಾಗ್‌ವುಡ್ ಬೀದಿಯ ತಿರುವಿನಲ್ಲಿ ಅರ್ನೆಟಾ ಪೆಟಿಗ್ರೂ ಮಂಡಿಯೂರಿ ಕೂತಿದ್ದಾರೆ. ರಸ್ತೆಯಂಚಿನ ಸಣ್ಣ ಕಬ್ಬಿಣದ ಮುಚ್ಚಳ ತೆಗೆದು, ಆಳದಲ್ಲಿರುವ ವಾಲ್ವಿನ ಮೇಲೆ ಐದಡಿಯ ಸಲಾಕೆ ಊರಿ, ಅದರ ಮೇಲ್ತುದಿಗೆ ಕಿವಿ ಒತ್ತಿದ್ದಾರೆ. ಕಣ್ಣು ಮುಚ್ಚಿದೆ. ನೆಲದೊಳಗೆ ಎಲ್ಲಾದರೂ ಪೈಪು ಸೋರುತ್ತಿದ್ದರೆ ಅದರ ಸದ್ದು ಈ ಸಲಾಕೆಯೇರಿ ಬರುತ್ತದೆ.

“ಸಣ್ಣ ತೂತಾದ್ರೆ ಬುಸ್ ಅನ್ನುತ್ತೆ, ದೊಡ್ಡದಾದ್ರೆ ಗೊರಗೊರ ಅನ್ನುತ್ತೆ” ಎನ್ನುತ್ತಾರೆ, ಮಂಡಿಗಂಟಿದ ಹಿಮ ಒರೆಸಿಕೊಳ್ಳುತ್ತ. “ಮೊದಲೆಲ್ಲ ಇದಕ್ಕೆ ಬೆಳಗಿನ ಜಾವವೇ ಆಗ್ಬೇಕಿತ್ತು. ಆರು ಹೊಡೀತು ಅಂದ್ರೆ ಎಲ್ಲರ ಮನೇಲೂ ಸ್ನಾನ, ಕಾಫಿ, ಮಕ್ಕಳ ಗಲಾಟೆ. ಪೈಪಿನ ತುಂಬ ನೀರು ಓಡೋ ಸದ್ದು. ಸೋರೋದು ಕೇಳ್ತಾನೇ ಇರ್ಲಿಲ್ಲ. ಈಗ ನಡುಮಧ್ಯಾಹ್ನ ಬಂದು ಕೂತ್ರೂ ಕೇಳುತ್ತೆ.”

ಡಾಗ್‌ವುಡ್ ಬೀದಿಯಲ್ಲಿ ಒಂದು ಮನೆಯೂ ಉಳಿದಿಲ್ಲ. ತಿರುವಿನಲ್ಲಿ ಹಾಯುವ ಮುಖ್ಯ ಪೈಪಿನಿಂದ ಬಡಾವಣೆಯ ಉಳಿದ ಕೆಲವು ಮನೆಗಳಿಗೆ ಮಾತ್ರ ಇನ್ನೂ ನೀರು ಹೋಗುತ್ತದೆ. ಮನೆಗಳಿದ್ದ ಕಡೆ ಹುಲ್ಲು ಬಿತ್ತಿದ್ದಾರೆ. ಗೇಟಿನಿಂದ ಬಾಗಿಲವರೆಗೆ ಹಾಕಿದ್ದ ಕಾಂಕ್ರೀಟು ದಾರಿಗಳು ಮಾತ್ರ ಅಲ್ಲಲ್ಲಿ ಹಾಗೇ ಇವೆ.

ಓಹಾಯೊ ನದಿ ದಂಡೆಯ ಮಹಾನಗರದಿಂದ ಹದಿನಾಲ್ಕು ಮೈಲಿ ಆಚೆಗಿರುವ ಈ ಬಡಾವಣೆಯ ಹೆಸರು ಬೆಥನಿ. ದಕ್ಷಿಣದ ರಾಜ್ಯಗಳಿಂದ ಎರಕದ ಕಾರ್ಖಾನೆಗೆ ದುಡಿಯಲು ಬಂದ ಕಪ್ಪು ಕುಟುಂಬಗಳು ಕಟ್ಟಿಕೊಂಡದ್ದು. ಬೇರೆ ಬಡಾವಣೆಗಳಲ್ಲಿ ಅವರಿಗೆ ಯಾರೂ ಮನೆ ಮಾರುತ್ತಿರಲಿಲ್ಲ. ಹಳ್ಳದ ಪಕ್ಕದ ತಗ್ಗುನೆಲವನ್ನು ಮಾತ್ರ ಕೊಟ್ಟರು. ವಾರವೆಲ್ಲ ಕಾರ್ಖಾನೆ, ಶನಿವಾರ ಗೋಡೆ; ಹೀಗೆ ಮನೆಗಳೆದ್ದವು. ನೀರಿನ ಪೈಪು ಅಲ್ಲಿಯವರೆಗೆ ಬರುವುದಿಲ್ಲವೆಂದು ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಹೇಳಿಬಿಟ್ಟಾಗ, ೧೯೫೧ರ ಬೇಸಿಗೆಯಲ್ಲಿ ಅರವತ್ತಮೂರು ಕುಟುಂಬಗಳು ತಾವೇ ಹಾರೆ ಹಿಡಿದವು. ಮುಖ್ಯರಸ್ತೆಯ ಪೈಪಿನಿಂದ ಒಂದೂಕಾಲು ಮೈಲಿ ಉದ್ದ, ನಾಲ್ಕಡಿ ಆಳದ ಕಾಲುವೆ ತೋಡಿ ಪೈಪು ಹೂತರು. ಆ ಕೆಲಸದ ಮುಂದಾಳು ಎಲ್ಬರ್ಟ್ ಪೆಟಿಗ್ರೂ, ಅರ್ನೆಟಾರ ಅಜ್ಜ.

ಅರ್ನೆಟಾ ಹುಡುಗಿಯಾಗಿದ್ದಾಗ ಬೆಥನಿಯಲ್ಲಿ ಇನ್ನೂರ ಹನ್ನೆರಡು ಮನೆಗಳಿದ್ದವು. ಎರಡು ಚರ್ಚು, ಒಂದು ಕ್ಷೌರದಂಗಡಿ, ಹಗಲು ಪಾಳಿಯನ್ನೆಲ್ಲ ಹೆಂಗಸರೇ ನೋಡಿಕೊಳ್ಳುತ್ತಿದ್ದ ಅಗ್ನಿಶಾಮಕ ದಳ. ಶುಕ್ರವಾರ ಸಂಜೆ ಚರ್ಚಿನಂಗಳದಲ್ಲಿ ಮೀನು ಹುರಿಯುತ್ತಿದ್ದರು. ಯಾರ ಮಗು ಯಾರ ಮನೆಯ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದೆ ಎಂದು ಯಾರೂ ಹುಡುಕುತ್ತಿರಲಿಲ್ಲ.

ಆಮೇಲೆ ಹಳ್ಳದ ಮೇಲ್ಭಾಗದಲ್ಲಿ ಮಳಿಗೆಗಳು ಬಂದವು, ಅವುಗಳ ಮುಂದೆ ಕಾರು ನಿಲ್ಲಿಸಲು ಎಕರೆಗಟ್ಟಲೆ ಡಾಂಬರು ಬಿತ್ತು. ಇಂಗಲು ಜಾಗವಿಲ್ಲದ ಮಳೆನೀರು ಬೆಥನಿಗೆ ಇಳಿಯಿತು. ಹನ್ನೊಂದು ವರ್ಷದಲ್ಲಿ ಮೂರು ಪ್ರವಾಹ. ಮೂರನೆಯದರಲ್ಲಿ ಇಬ್ಬರು ಸತ್ತರು. ಕೌಂಟಿಯವರು ಮನೆಗಳನ್ನು ಒಂದೊಂದಾಗಿ ಕೊಂಡು ಕೆಡವತೊಡಗಿದರು. ಕೆಡವುವ ಮೊದಲು ಆ ಮನೆಯ ನೀರು ನಿಲ್ಲಿಸಬೇಕು. ಮೂವತ್ತಮೂರು ವರ್ಷದಿಂದ ನೀರು ಸರಬರಾಜಿನ ಕೆಲಸದಲ್ಲಿರುವ ಅರ್ನೆಟಾ ಪಾಲಿಗೆ ಅದು ಬಂತು.

ಇದುವರೆಗೆ ಅವರೊಬ್ಬರೇ ನೂರ ಎಂಬತ್ತೊಂದು ಮನೆಗಳ ವಾಲ್ವು ತಿರುಗಿಸಿದ್ದಾರೆ. ಅದರಲ್ಲಿ ಅವರ ಸ್ವಂತ ಮನೆಯೂ ಒಂದು. ಬೇರೆ ಯಾರಿಗಾದರೂ ಒಪ್ಪಿಸಬಹುದಿತ್ತಲ್ಲ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ. “ಹೊಸಬ್ರು ಬಂದ್ರೆ ವ್ಯಾನಿಂದ ಇಳೀತಾರೆ, ತಿರುಗಿಸ್ತಾರೆ, ಹೋಗ್ತಾರೆ. ಬಾಗ್ಲು ತಟ್ಬೇಕು ಅಂತ ನಿಯಮದಲ್ಲೇನೂ ಇಲ್ಲ. ನಾನು ತಟ್ತೀನಿ. ‘ಪಾತ್ರೆ ತೊಳ್ಕೊಂಡ್ರಾ, ಇನ್ನೇನಾದ್ರೂ ತುಂಬಿಸ್ಕೊಳ್ಳೋದಿದ್ಯಾ’ ಅಂತ ಕೇಳ್ತೀನಿ. ಅಷ್ಟೇ ನನ್ನಿಂದಾಗೋದು.”

ಕಳೆದ ವರ್ಷದ ಜನವರಿಯಲ್ಲಿ ಮಾತ್ರ ಅವರು ಅಷ್ಟು ಕೇಳಿ ಸುಮ್ಮನಾಗಲಿಲ್ಲ.

ಆಗ ಡಾಗ್‌ವುಡ್ ಬೀದಿಯಲ್ಲಿ ನಾಲ್ಕು ಮನೆ ಉಳಿದಿದ್ದವು. ಒಂದರಲ್ಲಿ ಕ್ಷೌರದಂಗಡಿಯ ಕ್ಲೀವನ್ ಮೇಸ್ ಮತ್ತು ಅವರ ಹೆಂಡತಿ ಒಡೆಸಾ. ಒಡೆಸಾಗೆ ಮೂತ್ರಪಿಂಡ ಕೈಕೊಟ್ಟಿತ್ತು, ವಾರಕ್ಕೆ ನಾಲ್ಕು ದಿನ ಮನೆಯಲ್ಲೇ ಡಯಾಲಿಸಿಸ್. ಆ ಯಂತ್ರಕ್ಕೆ ಧಾರಾಳ ನೀರು ಬೇಕು. ಅವರು ಹೋಗಬೇಕಿದ್ದ ಹೊಸ ಮನೆ ಮಾರ್ಚ್ ಕೊನೆಗಲ್ಲದೆ ಸಿದ್ಧವಾಗುವಂತಿರಲಿಲ್ಲ. ಅಷ್ಟರಲ್ಲಿ ಬೀದಿಯ ಪೈಪು ಒಡೆಯಿತು. ನಾಲ್ಕು ಮನೆಗಾಗಿ ರಿಪೇರಿ ಬೇಡ, ಸೋಮವಾರ ಇಡೀ ಬೀದಿಯ ನೀರು ಮುಚ್ಚಿ ಎಂದು ಮೇಲಿನವರು ಬರೆದು ಕಳಿಸಿದರು. ಅರ್ನೆಟಾ ಎರಡು ಸಲ ಹೋಗಿ ಕೇಳಿಕೊಂಡರು. ಆಸ್ಪತ್ರೆಗೆ ಹೋಗಲಿ ಎಂಬ ಉತ್ತರ ಬಂತು. ಆಸ್ಪತ್ರೆ ಮಹಾನಗರದ ಆಚೆ ಕಡೆ, ಒಂದು ಗಂಟೆಯ ದಾರಿ. ಒಡೆಸಾಗೆ ಕಾರಿನಲ್ಲಿ ಕೂರುವ ತ್ರಾಣವೂ ಉಳಿದಿರಲಿಲ್ಲ.

ಶನಿವಾರ ಬೆಳಗಿನ ಜಾವ ಅರ್ನೆಟಾ ಸಲಾಕೆ ಹಿಡಿದು ಬೀದಿಯುದ್ದಕ್ಕೂ ಕೇಳುತ್ತ ಹೋದರು. ಒಡೆದ ಜಾಗ ಸಿಕ್ಕಿತು. ಚರ್ಚಿನ ಹಳೆಯ ಸದಸ್ಯರಿಗೆ ಫೋನು ಮಾಡಿದರು. ಮರುದಿನ, ಭಾನುವಾರ, ಆರು ಊರುಗಳಿಂದ ಹತ್ತೊಂಬತ್ತು ಜನ ಹಾರೆ, ಗುದ್ದಲಿ ತಂದರು. ಎಲ್ಲರೂ ಬೆಥನಿ ಬಿಟ್ಟು ಹೋದವರು, ಅರ್ಧಕ್ಕರ್ಧ ಅರವತ್ತು ದಾಟಿದವರು. ನೆಲ ಹೆಪ್ಪುಗಟ್ಟಿತ್ತು.

“ನಿನ್ನಜ್ಜ ಸೊಟ್ಟಗೆ ತೋಡಿದ್ದಕ್ಕೇ ನೋಡು ನೆಟಾ, ಸರಿಯಾಗಿ ಇಲ್ಲೇ ಒಡ್ದಿರೋದು” ಎಂದರಂತೆ ಕ್ಲೀವನ್, ಗುಂಡಿಯೊಳಗಿಂದ.

“ನಿಮ್ಮಪ್ಪ ಆವತ್ತು ಮರದ ಕೆಳಗೆ ಕೂತು ನಿಂಬೆ ಪಾನಕ ಕುಡೀತಿದ್ರಂತಲ್ಲ, ಅವರು ನೋಡ್ಕೊಂಡಿದ್ರೆ ನೆಟ್ಟಗಾಗ್ತಿತ್ತು. ಮಾತು ಸಾಕು, ಮಣ್ಣೆತ್ತು ಮುದುಕ.”

ಮೂರು ಗಂಟೆಯ ಹೊತ್ತಿಗೆ ಬಿರುಕಿಗೆ ಉಕ್ಕಿನ ಪಟ್ಟಿ ಬಿಗಿದಾಯಿತು. ಒಡೆಸಾ ಕಿಟಕಿ ತೆರೆಸಿ, “ನೀರು ಬಂತು, ಎಲ್ಲರೂ ಒಳಗೆ ಬಂದು ಕೈ ತೊಳ್ಕೊಳ್ಳಿ” ಎಂದು ಕರೆದರು. ಮಣ್ಣುಗಾಲಿನಲ್ಲೇ ಎಲ್ಲರೂ ಒಳಗೆ ಹೋದರು. ಆ ಮನೆಯಲ್ಲಿ ಅಷ್ಟು ಜನ ಸೇರಿದ್ದು ಅದೇ ಕೊನೆ.

ಅಪ್ಪಣೆಯಿಲ್ಲದೆ ಪೈಪು ಮುಟ್ಟಿದ್ದಕ್ಕೆ ಅರ್ನೆಟಾರನ್ನು ಹತ್ತು ದಿನ ಕೆಲಸದಿಂದ ಹೊರಗಿಟ್ಟರು. ರಿಪೇರಿಯನ್ನು ಮಾತ್ರ ಯಾರೂ ಬಿಚ್ಚಲಿಲ್ಲ, ಬೀದಿಯ ನೀರು ಮುಚ್ಚುವ ಮಾತನ್ನೂ ಮತ್ತೆ ಎತ್ತಲಿಲ್ಲ. ಹನ್ನೊಂದು ವಾರ ನೀರು ಬಂತು. ಮಾರ್ಚ್ ಕೊನೆಯಲ್ಲಿ ಮೇಸ್ ದಂಪತಿ ಹೊಸ ಮನೆಗೆ ಹೋದರು. ಒಡೆಸಾ ಮೇ ತಿಂಗಳಲ್ಲಿ ತೀರಿಕೊಂಡರು.

ಎಪ್ಪತ್ತೆರಡರ ಕ್ಲೀವನ್ ಆಗಾಗ ಬಸ್ಸು ಹಿಡಿದು ಇಲ್ಲಿಗೆ ಬರುತ್ತಾರೆ, ಅರ್ನೆಟಾರ ವ್ಯಾನಿನಲ್ಲಿ ಕೂತು ಕಾಫಿ ಕುಡಿದು ಹೋಗುತ್ತಾರೆ. ಇವತ್ತೂ ಬಂದಿದ್ದಾರೆ. “ಅವಳು ಹೋದ ದಿನ ಪಕ್ಕದ ಮನೆಯೋರು ಬಂದಿದ್ರು. ಒಳ್ಳೆಯವರೇ. ಅವಳ ಹೆಸ್ರೇನು ಅಂತ ನನ್ನನ್ನೇ ಕೇಳಿದ್ರು” ಎಂದು ಕಪ್ಪಿನೊಳಗೆ ನೋಡುತ್ತಾರೆ. ಅರ್ನೆಟಾ ಫ್ಲಾಸ್ಕಿನಿಂದ ಇನ್ನಷ್ಟು ಸುರಿಯುತ್ತಾರೆ.

ಅರ್ನೆಟಾರದೂ ಹೆಚ್ಚುಕಡಿಮೆ ಅದೇ ಪಾಡು. ನಲವತ್ತು ನಿಮಿಷ ದೂರದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಬ್ಬರೇ ಇದ್ದಾರೆ. “ಗೋಡೆಯಾಚೆ ಬೆಳಿಗ್ಗೆ ಯಾರೋ ಸ್ನಾನ ಮಾಡ್ತಾರೆ. ನೀರಿನ ಸದ್ದು ಕೇಳ್ತಾನೇ ಎಷ್ಟು ಹೊತ್ತಿಗೆ ಏಳ್ತಾರೆ, ಎಷ್ಟು ಹೊತ್ತಿಗೆ ಹೊರಡ್ತಾರೆ ಎಲ್ಲ ಗೊತ್ತಾಗುತ್ತೆ. ಮುಖ ಮಾತ್ರ ನೋಡಿಲ್ಲ. ಎರಡು ವರ್ಷ ಆಯ್ತು.”

ಬೆಥನಿಯಲ್ಲೀಗ ಉಳಿದಿರುವುದು ಆರು ಮನೆ. ಬರುವ ಶರತ್ಕಾಲದೊಳಗೆ ಅವೂ ಖಾಲಿಯಾಗುತ್ತವೆ. ಅದೇ ತಿಂಗಳು ಅರ್ನೆಟಾರ ನಿವೃತ್ತಿ. ಈ ನೆಲವೆಲ್ಲ ನಡೆದಾಡುವವರ ಹುಲ್ಲುಗಾವಲಾಗಲಿದೆ ಎಂದು ಕೌಂಟಿಯ ಕಾಗದ ಹೇಳುತ್ತದೆ. ಆ ಕಾಗದ ಓದಿದ ದಿನವೇ ಅವರೊಂದು ಅರ್ಜಿ ಬರೆದರು. ಉತ್ತರ ಬಂದಿಲ್ಲ.

“ತಿರುವಿನಲ್ಲಿ ಒಂದು ನಲ್ಲಿ ಬಿಡಿ ಅಂತ ಕೇಳಿದ್ದೀನಿ. ನಮ್ಮೋರು ಹಾಕಿದ ಪೈಪಿಂದ್ಲೇ. ಕಲ್ಲು, ಹೆಸರು, ಭಾಷಣ ಏನೂ ಬೇಡ” ಎನ್ನುತ್ತ ವ್ಯಾನಿನಿಂದ ಇಳಿದು, ತೆಗೆದಿಟ್ಟಿದ್ದ ಮುಚ್ಚಳವನ್ನು ಕಾಲಿನಿಂದ ಸರಿಸಿ ಕೂರಿಸುತ್ತಾರೆ. “ನಡ್ಕೊಂಡು ಬಂದೋರಿಗೆ ಬಾಯಾರಿಕೆ ಆಗುತ್ತಲ್ಲ.”