ಮಂಟಪ ಮುಳುಗಿತಾ?

ಆಗೆಲ್ಲ ಶಿವಮೊಗ್ಗದಲ್ಲಿ ಮಳೆಗಾಲ ಅಂದರೆ ಒಂದೇ ಪ್ರಶ್ನೆ: "ಮಂಟಪ ಮುಳುಗಿತಾ?" ತುಂಗೆಯ ನಡುವಿನ ಕಲ್ಲುಮಂಟಪದ ನೆತ್ತಿಯ ಮೇಲೆ ನೀರು ಹರಿಯಿತೆಂದರೆ ಅಂಗಡಿಯವರು, ಸ್ಕೂಲಿನವರು, ಕೊಡೆ ಇದ್ದವರು, ಇಲ್ಲದವರು ಎಲ್ಲ ಸೇತುವೆಗೆ ಓಡುತ್ತಿದ್ದರು. ಮಿರ್ಚಿ ಮಂಡಕ್ಕಿ ತಿನ್ನುತ್ತ ಕೆಂಪು ನೀರು ನೋಡುವುದೇ ಒಂದು ಹಬ್ಬ.

ಹೊಳೆ ಪಕ್ಕದ ಕೋಟೆ ಬೀದಿಯ ನಮ್ಮ ಮನೆಯಲ್ಲಿ ಮಾತ್ರ ಆ ಪ್ರಶ್ನೆ ಇರಲಿಲ್ಲ. ನಾನು ಹುಟ್ಟುವ ಎಷ್ಟೋ ಮೊದಲು ಅಜ್ಜಿಯ ಹಿರಿಮಗ ಗೆಳೆಯರ ಜೊತೆ ಮಂಟಪಕ್ಕೆ ಈಜಲು ಹೋದವನು ವಾಪಸ್ ಬಂದಿರಲಿಲ್ಲ. ಹೈಸ್ಕೂಲು ಹುಡುಗ; ಆದರೂ ನನಗೆ ದೊಡ್ಡಪ್ಪ. 'ಮುಳುಗು' ಅನ್ನುವ ಮಾತನ್ನೇ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಸಂಜೆಯ ಸೂರ್ಯನೂ ನಮ್ಮಲ್ಲಿ 'ಇಳಿಯುತ್ತಿದ್ದ'. ಬಸ್ಸು ಸೇತುವೆ ಹತ್ತಿದರೆ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಇಂಥ ಮನೆಯಲ್ಲಿ ಬೆಳೆದ ನಾನು ತುಂಬಿದ ಬಕೆಟ್ಟಿಗೂ ಹೆದರುತ್ತಿದ್ದೆ ಅಂದರೆ ತಪ್ಪು ನನ್ನೊಬ್ಬನದಲ್ಲ.

ತೊಂಬತ್ತರ ದಶಕದ ಒಂದು ದಸರಾ ರಜೆ. ಮಳೆ ನಿಂತು ಹೊಳೆ ತಿಳಿಯಾಗಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿದ್ದ ಚಿಕ್ಕಪ್ಪ ಟೆಂಪೋದ ಮೇಲೆ ಉದ್ದನೆಯ ಹಳದಿ ಕಯಾಕ್ ದೋಣಿ ಕಟ್ಟಿಸಿಕೊಂಡು ಬಂದ. ಯಾರೋ ಗೆಳೆಯ ಕೊಟ್ಟಿದ್ದಂತೆ. ಒಡೆದ ಹೊಟ್ಟೆಗೆ ತಾನೇ ಫೈಬರ್ ತೇಪೆ ಹಾಕಿದ್ದ. ಅದರ ಘಾಟು ಇನ್ನೂ ಹೋಗಿರಲಿಲ್ಲ. ನನ್ನನ್ನು ಕೂರಿಸಿಕೊಂಡು ಹೋಗುವುದು ಅವನ ಆಸೆ. ಕಾವಲಿಗೆಂದು ಹೊಳೆಯ ಮೆಟ್ಟಿಲಿಗೆ ಬಂದ ಅಜ್ಜಿ ನೀರಿಗೆ ಬೆನ್ನು ಹಾಕಿಯೇ ಕೂತಳು.

"ಹೊಟ್ಟೆ ನೋವು," ಅಂದೆ.

"ಬಾರೋ ಮಾರಾಯ, ಮುಳುಗಲ್ಲ ಇದು!" ಅಂದವನೇ ಚಿಕ್ಕಪ್ಪ ನಾಲಿಗೆ ಕಚ್ಚಿಕೊಂಡ. ಕೆಳಗಿನ ಮೆಟ್ಟಿಲಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

ಅಜ್ಜಿ ನಿಧಾನಕ್ಕೆ ತಿರುಗಿದಳು. "ನನ್ನ ಕೂರಿಸ್ಕೊಂಡು ಹೋಗ್ತೀಯೇನೋ?"

"ಅಮ್ಮಾ, ನೀನಾ?"

"ಯಾಕೆ, ನಾನು ಅಷ್ಟು ಭಾರನಾ?"

ದಡದಲ್ಲಿ ಒಬ್ಬನೇ ಕಾಯುವುದು ಇನ್ನೂ ದೊಡ್ಡ ಭಯ ಅನ್ನಿಸಿ ನಾನೂ ಹತ್ತಿದೆ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಅಜ್ಜಿ ಮುಂದೆ, ಚಿಕ್ಕಪ್ಪ ಹಿಂದೆ, ನಡುವೆ ತೇಪೆಯ ಮೇಲೆ ಎರಡೂ ಕೈ ಒತ್ತಿಕೊಂಡು ನಾನು. ಚಿಕ್ಕಪ್ಪ ಹುಟ್ಟು ಹಾಕುತ್ತ ಚರಿತ್ರೆ ಶುರುಮಾಡಿದ. "ಅಲ್ನೋಡು, ಅರಮನೆ. ನಾಯಕರ ಕಾಲದಲ್ಲಿ ಆನೆ, ಕುದುರೆ ಎಲ್ಲ ಇಲ್ಲೇ ಮೀಯಿಸ್ತಿದ್ರಂತೆ..."

"ಅವೆಲ್ಲ ವಾಪಸ್ ಹೋದ್ವು ತಾನೆ?" ಅಂದಳು ಅಜ್ಜಿ.

ಚಿಕ್ಕಪ್ಪ ಜೋರಾಗಿ ಹುಟ್ಟು ಹಾಕತೊಡಗಿದ.

ಮಂಟಪದ ಕಂಬ ಪಾಚಿ ವಾಸನೆ ಹೊಡೆಯುತ್ತಿತ್ತು. ಅಜ್ಜಿ ಕೈಚಾಚಿ ಹಿಡಿದುಕೊಂಡಳು. ಆಮೇಲೆ ತಿರುಗಿ ದಡ ನೋಡಿದಳು. ಬಟ್ಟೆ ಒಗೆಯುತ್ತಿದ್ದವರ ನಗು ಕೂಡ ಕೇಳುತ್ತಿತ್ತು.

"ಇಷ್ಟೇ ದೂರನಾ?" ಅಂದಳು. "ಇಷ್ಟೇ ದೂರ ಇತ್ತೇನೋ ಅವನಿಗೆ?"

ಚಿಕ್ಕಪ್ಪ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡ. ನನಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಕೋಡುಬಳೆಯಲ್ಲಿ ಒಂದನ್ನು ಅಜ್ಜಿ ಕಲ್ಲಿನ ಮೇಲಿಟ್ಟಳು. ಉಳಿದದ್ದನ್ನು ನನ್ನ ಕೈಗೆ ಕೊಟ್ಟು, "ಇಲ್ಲೇ ತಿನ್ನು," ಅಂದಳು. ತಿಂದೆ.

ಮುಂದಿನ ಮಳೆಗಾಲ ಸ್ಕೂಲಿಂದ ತೊಯ್ದು ಬಂದವನಿಗೆ ಟವಲು ಕೊಡುತ್ತ ಅಜ್ಜಿ ಕೇಳಿದಳು: "ಮಂಟಪ ಮುಳುಗಿತಾ?"

ಅಡುಗೆಮನೆಯಲ್ಲಿ ಅಮ್ಮನ ಸೌಟಿನ ಸದ್ದು ನಿಂತಿತು.

"ಇನ್ನೂ ಒಂದು ಮೊಳ ಇದೆ ಅಜ್ಜಿ."

ಆಮೇಲೆ ಪ್ರತಿ ವರ್ಷ ಅವಳೇ ಕೇಳುತ್ತಿದ್ದಳು. ಈಗ ಅಜ್ಜಿಯಿಲ್ಲ, ಚಿಕ್ಕಪ್ಪನೂ ಇಲ್ಲ. ಶಿವಮೊಗ್ಗದಲ್ಲೇ, ರವೀಂದ್ರನಗರದ ನನ್ನ ಈಗಿನ ಮನೆಯಲ್ಲಿ ಬೆಳಗಿನ ಕಾಫಿಗೆ ಮೊದಲೇ ಮಂಟಪ ಮುಳುಗಿದ ವಿಡಿಯೊ ಫೋನಿಗೆ ಬಂದು ಕೂತಿರುತ್ತದೆ. ಆದರೂ ಕೊಡೆ ಹಿಡಿದು, ಎಲ್ಲಿ ಜಾರುತ್ತೀನೋ ಅಂತ ಹೆದರುತ್ತಲೇ ಸೇತುವೆಗೆ ಹೋಗಿ ನೋಡಿ ಬರುತ್ತೇನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಯಾರೂ ಕೇಳುವುದಿಲ್ಲ.